ಪ್ಲೇಟಿನ ಕವರಿನ ಮೇಲಿನ ಮುಖ

ಅಕ್ಕಿ ಚೀಲದ ಮೇಲೆ ಗಿಳಿ, ನವಿಲು, ಕಮಲದ ಮಾರ್ಕು ಒತ್ತಿ ಹೊಟ್ಟೆ ಹೊರೆಯುವವನಿಗೆ ಕಲಾವಿದ ಅನ್ನಿಸಿಕೊಳ್ಳುವ ಚಪಲ ಹತ್ತಬಾರದು. ನನಗೆ ಹತ್ತಿತ್ತು. ಆ ಚಪಲಕ್ಕೆ ನಾನು ಮಾಡಿದ ಕೆಲಸವೊಂದನ್ನು ಇಷ್ಟು ವರ್ಷ ಯಾರ ಮುಂದೂ ಬಾಯಿಬಿಟ್ಟಿಲ್ಲ. ಹೆಂಡತಿಗೆ ಗೊತ್ತು, ಅವಳೂ ಆ ಸುದ್ದಿ ಎತ್ತುವುದಿಲ್ಲ. ಎತ್ತಿದ್ದರೆ ಒಂದು ಜಗಳವಾಡಿ ಹಗುರಾಗುತ್ತಿದ್ದೆನೋ ಏನೋ.

ಹೊಸಪೇಟೆಯಲ್ಲಿ ನನ್ನದೊಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಿತ್ತು. ಅಂಗಡಿ ಅಂದರೆ ಮನೆಯ ಮುಂದಿನ ಪಡಸಾಲೆಯೇ. ಕಾಲುವೆ ನೀರು ಹರಿದು ಕಂಪ್ಲಿ ಕಡೆಯೆಲ್ಲ ಭತ್ತವೋ ಭತ್ತ ಅನ್ನುವಂಥ ಕಾಲ. ಒಂದು ರೈಸ್‌ಮಿಲ್ಲಿನ ಗೋಡೆಗೆ ಸುಣ್ಣ ಆರುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಏಳುತ್ತಿತ್ತು. ಪ್ರತಿ ಮಿಲ್ಲಿಗೂ ಚೀಲದ ಮೇಲೆ ಒತ್ತಲು ತನ್ನದೇ ಮಾರ್ಕು ಬೇಕು. ನನ್ನ ವಿದ್ಯೆ ದೊಡ್ಡದೇನಲ್ಲ. ಕಟ್ಟಿಗೆಯ ಚೌಕಟ್ಟಿಗೆ ತೆಳ್ಳನೆಯ ನೈಲಾನ್ ಬಟ್ಟೆ ಬಿಗಿಯಬೇಕು. ಬಿಸಿಲು ತಾಗಿದರೆ ಗಟ್ಟಿಯಾಗುವ ಅಂಟನ್ನು ಅದಕ್ಕೆ ಬಳಿಯಬೇಕು. ತೆಳುಕಾಗದದ ಮೇಲೆ ಕರಿ ಶಾಯಿಯಲ್ಲಿ ಬರೆದ ಚಿತ್ರವನ್ನು ಅದಕ್ಕೆ ಒತ್ತಿಟ್ಟು ಬಿಸಿಲಿಗೆ ಹಿಡಿಯಬೇಕು. ಕರಿ ಇದ್ದಲ್ಲಿ ಅಂಟು ಹಸಿಯಾಗಿಯೇ ಉಳಿದು ನೀರಿಗೆ ತೊಳೆದುಹೋಗುತ್ತದೆ. ಆ ಜಾಗದಿಂದ ಬಣ್ಣ ಇಳಿಯುತ್ತದೆ. ನಮ್ಮೂರ ಬೇಸಿಗೆ ಬಿಸಿಲಿಗೆ ನೂರು ಎಣಿಸಿದರೆ ಸಾಕು. ಶ್ರಾವಣದಲ್ಲಿ ಮುನ್ನೂರು ಎಣಿಸಿದರೂ ಅನುಮಾನವೇ.

ಅಂಟಿನಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೂ ಅದರಿಂದ ಬಣ್ಣ ಜಿನುಗಿ ಅಚ್ಚಿನ ಮೇಲೆ ಚುಕ್ಕೆ ಬೀಳುತ್ತದೆ. ಚುಕ್ಕೆ ಬಿತ್ತೆಂದರೆ ಕೆಲಸಗಾರ ಕಚ್ಚಾ ಎಂದೇ ಲೆಕ್ಕ. ನನ್ನ ಅಚ್ಚಿನಲ್ಲಿ ಚುಕ್ಕೆ ಹುಡುಕಿದರೂ ಸಿಗುವುದಿಲ್ಲ ಎಂದು ಕಂಪ್ಲಿಯಿಂದ ಸಂಡೂರಿನವರೆಗೆ ಹೆಸರಾಗಿತ್ತು. ಆ ಹೆಸರೇ ನನ್ನ ತಲೆ ತಿರುಗಿಸಿತು.

ಹೀಗಿದ್ದಾಗ ಹುಬ್ಬಳ್ಳಿಯಲ್ಲಿ ಒಂದು ಗ್ರಾಮಫೋನ್ ಪ್ಲೇಟು ಸಿಕ್ಕಿತು. ಬಣ್ಣ ತರಲು ಹೋಗಿದ್ದೆ. ರೇಡಿಯೋ ಅಂಗಡಿಯೊಂದರ ಗಾಜಿನ ಹಿಂದೆ ನಿಲ್ಲಿಸಿದ್ದರು: ನಾಟಕದ ಹಾಡುಗಳ ಎಲ್‌ಪಿ ಪ್ಲೇಟು. ಹಾಡಿದವರು ಗದಗಿನ ಕಡೆಯ ಹಳೆಯ ನಾಟಕ ಕಂಪನಿಯ ಗಾಯಕಿ. ರೇಡಿಯೋದಲ್ಲಿ ಒಂದೆರಡು ಸಲ ಅವರ ದನಿ ಕಿವಿಗೆ ಬಿದ್ದಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕವರು. ಇಟ್ಟಿಗೆ ಕೆಂಪಿನ ಹಿನ್ನೆಲೆ. ಕಂಬಕ್ಕೆ ಒರಗಿ ನಿಂತ ಹುಡುಗಿ. ಕುತ್ತಿಗೆ ತುಸು ಓರೆ, ಕಣ್ಣು ಅರ್ಧ ಮುಚ್ಚಿದೆ, ಹೆಗಲ ಮೇಲಿಂದ ಮಲ್ಲಿಗೆ ದಂಡೆ ಇಳಿದಿದೆ. ಆವತ್ತು ಅರ್ಧ ಬಣ್ಣ ತಂದೆ, ಪ್ಲೇಟು ಪೂರ್ತಿ ತಂದೆ.

ಮನೆಯಲ್ಲಿ ಪ್ಲೇಟು ಹಾಕುವ ಮಷೀನೇ ಇರಲಿಲ್ಲ. ಆರು ತಿಂಗಳು ಬರೀ ಕವರು ನೋಡಿದೆ. ಗೋಡೆಗೆ ಒರಗಿಸಿಟ್ಟು, ಗೆರೆ ಎಲ್ಲಿ ಶುರುವಾಗಿ ಎಲ್ಲಿ ನಿಂತಿದೆ ಎಂದು ಬೆರಳಲ್ಲಿ ಗಾಳಿಯಲ್ಲೇ ತಿದ್ದುತ್ತಿದ್ದೆ. ಹೆಂಡತಿ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೇಳುತ್ತಿದ್ದಳು:

"ಹಾಡು ಕೇಳಾಕ ತಂದೀರೋ, ಹುಡುಗಿ ನೋಡಾಕ ತಂದೀರೋ?"

"ಕಲೆ ಅಂದ್ರ ನಿನಗೇನು ಗೊತ್ತಲೇ," ಎನ್ನುತ್ತಿದ್ದೆ.

ಆಮೇಲೆ ಸಂಡೂರಿನಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲ್ಲಿನವರ ಗೆಳೆತನವಾಯಿತು. ಅವರಲ್ಲಿ ಮಷೀನಿತ್ತು. ಮಧ್ಯಾಹ್ನ ಅದಿರು ಲಾರಿಯ ಡ್ರೈವರುಗಳು ಉಂಡು ಎದ್ದಮೇಲೆ ನನ್ನ ಪ್ಲೇಟು ಹಾಕುತ್ತಿದ್ದರು. ಮೊದಲ ಸಲ ಕೇಳಿದಾಗ ಕಕ್ಕಾಬಿಕ್ಕಿಯಾದೆ. ಆ ದನಿಗೂ ಆ ಹುಡುಗಿಗೂ ತಾಳೆಯೇ ಬೀಳಲೊಲ್ಲದು. ದನಿ ದಪ್ಪ. ಎಲೆಅಡಿಕೆ ಬಾಯಲ್ಲಿಟ್ಟುಕೊಂಡು ಗದರುವ ದೊಡ್ಡಮ್ಮನ ಹಾಗೆ ಶುರುವಾಗಿ, ಮೇಲಿನ ಸ್ವರದಲ್ಲಿ ಒಂದು ಕಡೆ ಸಣ್ಣಗೆ ಒಡೆದು, ಒಡೆದ ಜಾಗದಿಂದಲೇ ಮತ್ತೆ ಎದ್ದು ನಿಲ್ಲುತ್ತಿತ್ತು. ಆ ಒಡಕು ಮತ್ತೆ ಕೇಳಬೇಕೆಂದು ಅದೇ ಹಾಡನ್ನು ಎರಡೆರಡು ಸಲ ಹಾಕಿಸುತ್ತಿದ್ದೆ. ಮನೆಗೆ ಬಂದು ಮತ್ತೆ ಕವರು ನೋಡುತ್ತಿದ್ದೆ. ಕಿವಿಗೆ ಒಬ್ಬರು, ಕಣ್ಣಿಗೆ ಒಬ್ಬರು. ಇಬ್ಬರೂ ಒಬ್ಬರೇ ಎಂದು ನಂಬಿಕೊಂಡಿದ್ದೆ.

ಕಂಪ್ಲಿಯ ಸಾಹುಕಾರರೊಬ್ಬರು ನನ್ನ ದೊಡ್ಡ ಗಿರಾಕಿ. ಅವರ ಹೊಸ ಮಿಲ್ಲಿಗೆ ವರ್ಷ ತುಂಬುತ್ತಿತ್ತು. ಮಿಲ್ಲಿನ ಮುಂದೆ ಭತ್ತ ಒಣಗಿಸುವ ಸಿಮೆಂಟಿನ ಕಣವಿತ್ತಲ್ಲ, ಅಲ್ಲಿ ಸಂಜೆ ಹಾಡಿನ ಕಾರ್ಯಕ್ರಮ ಇಡಿಸಬೇಕು ಅಂದರು. "ಯಾರ್ನ ಕರಸೋಣಲೇ? ನೀನು ಹಾಡು ಪಾಡು ಅಂತ ಅಡ್ಡಾಡಾಂವ" ಎಂದು ನನ್ನನ್ನೇ ಕೇಳಿದರು. ನಾನು ಒಂದು ಉಸಿರಿನಲ್ಲಿ ಆ ಗಾಯಕಿಯ ಹೆಸರು ಹೇಳಿದೆ. ಪತ್ರ ಬರೆಯುವುದೂ ನನಗೇ ಬಂತು, ಪೋಸ್ಟರೂ ನನಗೇ ಬಂತು.

"ಎಲ್ಲಾ ನೀನ ಮಾಡು. ಆದ್ರ ಪೋಸ್ಟರ್ ಮತ್ತ ಅಕ್ಕಿ ಚೀಲದಂಗ ಕಾಣಬಾರದು ನೋಡು!" ಎಂದು ನಕ್ಕರು.

ಆ ನಗು ನನಗೆ ಚುಚ್ಚಿತು. ತೋರಿಸ್ತೀನಿ ತಡಿ ಅಂದುಕೊಂಡೆ. ಗಾಯಕಿಗೆ ಪತ್ರ ಹಾಕಿದೆ, ಪೋಸ್ಟರಿಗೊಂದು ಫೋಟೋ ಕಳಿಸಿ ಎಂದೂ ಬರೆದೆ. ಆದರೆ ಫೋಟೋ ಬರುವವರೆಗೆ ಕಾಯುವ ತಾಳ್ಮೆ ಎಲ್ಲಿತ್ತು? ಕವರಿನ ಹುಡುಗಿಯನ್ನೇ ಎದುರಿಗಿಟ್ಟುಕೊಂಡು ಶುರುಮಾಡಿಬಿಟ್ಟೆ. ಕವರಿನ ಕಂಬ ನಯವಾಗಿತ್ತು, ಸಿನೆಮಾ ಸೆಟ್ಟಿನ ಕಂಬದಂತೆ. ಅದು ಬೇಡವೆಂದು ಹಂಪಿ ಬಜಾರಿಗೆ ಹೋಗಿ, ಸೋಡಾ ಅಂಗಡಿಯ ಪಕ್ಕದ ಕಲ್ಲುಮಂಟಪದಲ್ಲಿ ಕೂತು, ಅಲ್ಲಿಯ ಒರಟು ಕಂಬವೊಂದನ್ನು ಎರಡು ದಿನ ಬರೆದೆ. ಹುಡುಗಿಯನ್ನು ತಂದು ಆ ಕಂಬಕ್ಕೆ ಒರಗಿಸಿದೆ. ಎರಡೇ ಬಣ್ಣ: ಇಟ್ಟಿಗೆ ಕೆಂಪು, ಕರಿ. ಮೈಬಣ್ಣಕ್ಕೆ ಕಾಗದದ ಬಿಳುಪನ್ನೇ ಬಿಟ್ಟೆ. ಗಾಯಕಿಯ ಹೆಸರಿನ ಅಕ್ಷರಗಳು ಹುಡುಗಿಯ ಜಡೆಯಿಂದಲೇ ಬಿಚ್ಚಿಕೊಂಡು ಕೆಳಗೆ ಇಳಿಯುವ ಹಾಗೆ ಮಾಡಿದೆ. ನನ್ನ ಪಾಲಿಗೆ ಅದಕ್ಕಿಂತ ಒಳ್ಳೆಯ ಕೆಲಸ ಮುಂದೆಯೂ ಆಗಲಿಲ್ಲ. ಇದನ್ನು ಹೇಳುವಾಗಲೂ ಒಳಗೊಂದು ಹೆಮ್ಮೆ ಮಿಸುಕುತ್ತದೆ. ಥೂ, ಅದಕ್ಕೂ ನಾಚಿಕೆಯಾಗಬೇಕು.

ಮೂಲೆಯಲ್ಲಿ ಸಹಿ ಹಾಕಿದೆ. ನನ್ನ ಹೆಸರಿನ ಮೊದಲ ಅಕ್ಷರಕ್ಕೆ ಉದ್ದನೆಯ ಬಾಲ ಎಳೆದು, ಮೇಲೊಂದು ಕೊಕ್ಕು ಮಾಡಿ, ಗಿಳಿಯಂತೆ ಕಾಣುವ ಸಹಿ ನನ್ನದು. ಅಕ್ಕಿ ಚೀಲದ ಮೇಲೆ ಯಾರು ಸಹಿ ಹಾಕಲು ಬಿಡುತ್ತಾರೆ? ಅಲ್ಲಿಯವರೆಗೆ ನಾನು ಅಚ್ಚು ಹಾಕಿದ ಯಾವುದರ ಮೇಲೂ ಆ ಗಿಳಿ ಕೂತಿರಲಿಲ್ಲ.

ಚಿತ್ರ ಮುಗಿದ ಮರುದಿನವೇ ರಿಜಿಸ್ಟರ್ಡ್ ಟಪಾಲು ಬಂತು. ಪೋಸ್ಟ್‌ಮನ್ ಮುಂದೆ ಹಿಡಿದ ರಸೀದಿ ಕಾರ್ಡಿಗೆ, ಅಂದರೆ ಮುಟ್ಟಿತೆಂದು ಕಳಿಸಿದವರಿಗೆ ತಿರುಗಿ ಹೋಗುವ ಕಾರ್ಡಿಗೆ, ನಿಂತಲ್ಲೇ ಗಿಳಿ ಸಹಿ ಬಿಡಿಸಿ ಕೊಟ್ಟೆ. ಒಳಗೆ ಒಂದು ಪತ್ರ, ಒಂದು ಫೋಟೋ. ಪತ್ರ ಗಾಯಕಿ ತಮ್ಮ ಕೈಯಾರೆ ಬರೆದದ್ದು. ಅಕ್ಷರಗಳು ಮಕ್ಕಳ ಪಾಟಿಯ ಮೇಲಿನಂತೆ ದೊಡ್ಡ ದೊಡ್ಡವು. ಬಾಯಿಪಾಠ ಆಗುವಷ್ಟು ಸಲ ಅದನ್ನು ಓದಿದ್ದೇನೆ:

"ಪ್ಲೇಟಿನ ಕವರಿನ ಮ್ಯಾಲಿನ ಹುಡುಗಿ ನಾನಲ್ರಿ. ಆಕಿ ಯಾರಂತ ನನಗೂ ಗೊತ್ತಿಲ್ಲ. ಮುಖದ ಮ್ಯಾಲೆ ಸಿಡುಬಿನ ಕಲೆ ಅದಾವು, ಮಂದಿ ಪ್ಲೇಟು ತಗೊಳ್ಳಂಗಿಲ್ಲ ಅಂತ ಕಂಪನಿಯವರು ಅಂದ್ರು. ಆಗ ನಾನೂ ಹೂಂ ಅಂದೆ. ಈಗ ವಯಸ್ಸಾತು. ನಿಮ್ಮ ಊರಾಗ ಒಂದು ಸಲ ನನ್ನ ಹೆಸರಿನ ಮ್ಯಾಲೆ ನನ್ನ ಮುಖ ಇರಲಿ ಅಂತ ಆಸೆ ಐತಿ. ಇದೊಂದ ಫೋಟೋ ಇರೋದು. ಕೆಲಸ ಆದಮ್ಯಾಲೆ ತಿರುಗಿ ಕೊಡ್ರಿ."

ಫೋಟೋ ನೋಡಿದೆ. ಅರವತ್ತರ ಆಸುಪಾಸಿನ ಹೆಂಗಸು. ದಪ್ಪ ಚೌಕಟ್ಟಿನ ಕನ್ನಡಕ, ಅಗಲ ದವಡೆ, ಮುಖದ ತುಂಬ ಸಿಡುಬಿನ ಕುಳಿಗಳು. ಫೋಟೋ ತೆಗೆಯುವವನು ಏನೋ ಚೇಷ್ಟೆ ಮಾಡಿರಬೇಕು, ಬಾಯಿ ತೆರೆದು ನಗುತ್ತಿದ್ದಾರೆ. ಮುಂದಿನ ಒಂದು ಹಲ್ಲಿಲ್ಲ. ನೋಡಿದ ಕೂಡಲೇ ಸಂಡೂರಿನ ಹೋಟೆಲ್ಲಿನಲ್ಲಿ ಕೇಳಿದ ದನಿ ಈ ಬಾಯಿಂದಲೇ ಬಂದದ್ದು ಎಂದು ಗೊತ್ತಾಯಿತು. ಒಂದು ಕ್ಷಣ ಸಮಾಧಾನವೂ ಆಯಿತು. ಆಮೇಲೆ ನನ್ನ ಚಿತ್ರದ ಕಡೆ ನೋಡಿದೆ, ಇಷ್ಟು ದಿನದ ಕೆಲಸ ಹೋಯಿತಲ್ಲ ಅನ್ನಿಸಿತು.

ಹೆಂಡತಿ ಫೋಟೋ ಇಸಿದುಕೊಂಡು ಬೆಳಕಿಗೆ ಹಿಡಿದಳು. ಪತ್ರವನ್ನು ನಿಧಾನವಾಗಿ ಓದಿದಳು.

"ಎಷ್ಟು ಚಂದ ನಗ್ತಾರ ನೋಡ್ರಿ. ಇವರನ್ನ ಬರೀರಿ. ಆ ಕಂಬ ಹಂಗ ಇರ್ಲಿ, ಹುಡುಗಿ ತಗದು ಇವರನ್ನ ಕುಂದ್ರಸ್ರಿ."

"ಮುಖದ ತುಂಬ ಕಲೆ ಅದಾವು."

"ಇದ್ರ ಇರ್ಲಿ ಬಿಡ್ರಿ. ಅವರ ಮುಖ ಅದು."

"ನಿನಗ ತಿಳಿಯಂಗಿಲ್ಲ. ಕಲೆ ಬರದ್ರ ಮಂದಿ ಏನಂತಾರ? ಸ್ಕ್ರೀನ್ ತೂತು ಬಿದ್ದೈತಿ, ಇವಗ ಕೆಲಸ ಬರಂಗಿಲ್ಲ ಅಂತಾರ."

ಇದು ನಾನು ಹೇಳಿದ ಮಾತು. ಒಬ್ಬ ಹೆಂಗಸಿನ ಮುಖದ ಕುಳಿಗಳು ನನ್ನ ಕಣ್ಣಿಗೆ ಸ್ಕ್ರೀನಿನ ತೂತುಗಳಾಗಿ ಕಂಡವು! ಕಲೆ ಬಿಟ್ಟು ಬರೆಯಬಹುದಿತ್ತಲ್ಲ ಎಂದರೆ, ಕಲೆ ಬಿಟ್ಟರೆ ಅದು ಅವರಲ್ಲ ಎನ್ನುವಷ್ಟು ಬುದ್ಧಿ ನನಗೆ ಆಗಲೂ ಇತ್ತು. ಕಲೆ ಇಟ್ಟೇ ಚಂದವಾಗಿ ಬರೆಯುವ ಕೈಯೂ ಇತ್ತು. ಇದೇ ಸಾಹುಕಾರರ ತೀರಿಹೋದ ತಂದೆಯನ್ನು ಬೆರಳುಗುರಿನಷ್ಟು ಫೋಟೋ ನೋಡಿ ಕ್ಯಾಲೆಂಡರಿಗೆ ಬರೆದು ಶಭಾಷ್‌ಗಿರಿ ತಗೊಂಡವನು ನಾನು. ಅವತ್ತು ಮಧ್ಯಾಹ್ನ ಒಂದು ತೆಳುಕಾಗದದ ಮೇಲೆ ಗಾಯಕಿಯ ಮುಖವನ್ನೂ ಬರೆದೆ. ಬಂತು, ಚೆನ್ನಾಗಿಯೇ ಬಂತು. ಪಕ್ಕದಲ್ಲಿ ಮಲ್ಲಿಗೆ ದಂಡೆಯ ಹುಡುಗಿಯನ್ನು ಇಟ್ಟು ನೋಡಿದೆ. ಎರಡರಲ್ಲಿ ಯಾವುದನ್ನು ನೋಡಿದರೆ ಜನ ನನ್ನನ್ನು ಹೊಗಳುತ್ತಾರೆ? ಗಾಯಕಿಯ ಮುಖ ಬರೆದ ಕಾಗದವನ್ನು ಮುದುಡಿ ಒಲೆಗೆ ಹಾಕಿದೆ. ಫೋಟೋ, ಪತ್ರ ಎರಡನ್ನೂ ಬಣ್ಣದ ಡಬ್ಬಿಗಳ ಹಿಂದೆ ಇಟ್ಟೆ.

ಸಾಹುಕಾರರು ಮಿಲ್ಲಿನಲ್ಲಿ ಕೇಳಿದರು: "ಫೋಟೋ ಬಂತೇನಲೇ?"

"ಇಲ್ರಿ ಸಾವ್ಕಾರ್ರ. ಟಪಾಲಿನ್ಯಾಗ ಎಲ್ಲೋ ತಪ್ಪಿರಬೇಕು. ಪ್ಲೇಟಿನ ಕವರ್ ನೋಡಿ ಬರದೀನಿ."

ಎಷ್ಟು ಸಲೀಸಾಗಿ ಬಂತು ನೋಡಿ ಆ ಮಾತು. ನಾಲಿಗೆ ತಡವರಿಸಲೂ ಇಲ್ಲ.

ಇನ್ನೂರು ಪೋಸ್ಟರು ಒತ್ತಿದೆ. ಮೊದಲು ಕೆಂಪು, ಆರಿದ ಮೇಲೆ ಕರಿ. ಅಂಗಳದ ತಂತಿಗೆ ಹೆಂಡತಿಯೇ ಒಂದೊಂದನ್ನೂ ಕ್ಲಿಪ್ಪು ಹಾಕಿ ಒಣಗಲು ಬಿಟ್ಟಳು. ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು ಚುಕ್ಕೆ ಹುಡುಕಿದೆ. ಒಂದೂ ಇರಲಿಲ್ಲ.

ಕಂಪ್ಲಿಯ ಮಿಲ್ಲುಗಳ ಗೋಡೆ, ಸಂಡೂರಿನ ಬಸ್‌ಸ್ಟ್ಯಾಂಡು, ಹೊಸಪೇಟೆಯ ರೈಲ್ವೆ ಸ್ಟೇಷನ್ನು, ಎಲ್ಲೆಲ್ಲೂ ನಾನೇ ಮೈದಾಹಿಟ್ಟಿನ ಅಂಟು ಹಿಡಿದು ಹಚ್ಚಿದೆ. ಹಂಪಿ ಬಜಾರಿನಲ್ಲಿ ಹಚ್ಚುವಾಗ ಬಿಳಿಯನೊಬ್ಬ ನಿಂತು ನೋಡಿ, ಒಂದು ಕೊಡು ಎಂದು ಕೈಸನ್ನೆ ಮಾಡಿ ಕೇಳಿ ಇಸಿದುಕೊಂಡ; ಸುರುಳಿ ಸುತ್ತಿ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡ. ನನಗೆ ತಲೆಯ ಮೇಲೆ ಎರಡು ಕೋಡು ಮೂಡಿದವು. ಊರಲ್ಲಿ ಸಿಕ್ಕವರೆಲ್ಲ "ಏನ್ ಮಸ್ತ್ ಬರದೀಯಪಾ! ಇಷ್ಟು ಚಂದ ಅದಾರೇನು ಆ ಹಾಡಾಕಿ?" ಎಂದು ಕೇಳಿದರು. ನಾನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಸುಮ್ಮನೆ ನಕ್ಕೆ.

ಕಾರ್ಯಕ್ರಮದ ದಿನ ಬೆಳಿಗ್ಗೆ ಗಾಯಕಿ ಪ್ಯಾಸೆಂಜರ್ ರೈಲಿಗೆ ಒಬ್ಬರೇ ಬರುವವರಿದ್ದರು. ಹಾರ್ಮೋನಿಯಂ, ತಬಲಾದವರನ್ನು ಇಲ್ಲಿಯೇ ಗೊತ್ತುಮಾಡಿದ್ದೆವು. ಸಾಹುಕಾರರು ಇಬ್ಬರು ಮಿಲ್ಲಿನವರನ್ನು ಕರೆದುಕೊಂಡು, ಗುಲಾಬಿ ಹಾರ ಹಿಡಿದು, ಹೊಸಪೇಟೆ ಸ್ಟೇಷನ್ನಿಗೆ ತಾವೇ ಬಂದರು. ನಾನೂ ಹೋದೆ. ರೈಲು ಬಂದರೆ ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲವೇ? ಯೋಚಿಸಿದ್ದೆ. ಹೇಗೋ ಆಗಿಹೋಗುತ್ತದೆ ಅಂದುಕೊಂಡಿದ್ದೆ.

ರೈಲು ಬಂತು. ಹೆಂಗಸರ ಡಬ್ಬಿಯಿಂದ ಗಾಯಕಿ ಇಳಿದರು. ಕೈಯಲ್ಲಿ ಸಣ್ಣ ಟ್ರಂಕು, ಹೆಗಲಿಗೊಂದು ಬಟ್ಟೆಚೀಲ, ಅದೇ ಕನ್ನಡಕ. ನೋಡಿದ ಕೂಡಲೇ ಗುರುತು ಹಿಡಿದೆ. ಆ ಪ್ಲಾಟ್‌ಫಾರ್ಮಿನಲ್ಲಿ ಅವರ ಮುಖ ಗೊತ್ತಿದ್ದವನು ನಾನೊಬ್ಬನೇ. ಸಾಹುಕಾರರು ಹಾರ ಎತ್ತಿ ಹಿಡಿದು, ಇಳಿಯುವ ಹರೆಯದ ಹೆಂಗಸರ ಮುಖ ನೋಡುತ್ತಾ ಗಾಯಕಿಯ ಪಕ್ಕದಿಂದಲೇ ದಾಟಿ ಹೋದರು. ಅವರು "ಏನ್ರೀ" ಎಂದು ಬಾಯಿ ತೆರೆಯುವಷ್ಟರಲ್ಲಿ ಇವರು ಮುಂದಿನ ಡಬ್ಬಿಗೆ ಓಡಿಯಾಗಿತ್ತು.

ನಾನು ಎರಡು ಹೆಜ್ಜೆ ಮುಂದಿಟ್ಟೆ, ನಿಂತೆ. ಈಗ ಹೋಗಿ ಬರ್ರಿ ಅಮ್ಮಾ ಅಂದರೆ, ನಿನಗೆ ಹೇಗೆ ಗೊತ್ತಾಯಿತು ಎಂದು ಸಾಹುಕಾರರು ಕೇಳುವುದಿಲ್ಲವೇ? ಫೋಟೋ ಬಂದಿಲ್ಲ ಅಂದಿದ್ದೆಯಲ್ಲ ಎನ್ನುವುದಿಲ್ಲವೇ? ಚಹಾದ ಗಾಡಿಯ ಹಿಂದೆ ಸರಿದು ನಿಂತುಬಿಟ್ಟೆ. ಬೇಡದ ಚಹಾ ಒಂದು ತಗೊಂಡೆ.

ರೈಲು ಬಳ್ಳಾರಿ ಕಡೆ ಹೊರಟುಹೋಯಿತು. ಜನ ಕರಗಿದರು. ಗಾಯಕಿ ಅತ್ತಿತ್ತ ನೋಡಿ, ಗೋಡೆಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತರು. ಬೆಂಚಿನ ಮೇಲುಗಡೆ ನಾನು ಹಚ್ಚಿದ ಪೋಸ್ಟರು. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ಅದನ್ನು ಕಂಡರು. ಎದ್ದು ನಿಂತರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು, ತಮ್ಮ ಹೆಸರನ್ನು ಬೆರಳಿಟ್ಟು ಓದಿದರು. ಬೆರಳು ಜಡೆಯಗುಂಟ ಮೇಲೇರಿ ಹುಡುಗಿಯ ಮುಖದ ಹತ್ತಿರ ಹೋಗಿ ನಿಂತಿತು. ಆಮೇಲೆ ಕೆಳಗಿಳಿದು ಮೂಲೆಗೆ ಬಂತು. ನನ್ನ ಸಹಿಯ ಮೇಲೆ ತುಂಬಾ ಹೊತ್ತು ಇತ್ತು. ಬಟ್ಟೆಚೀಲ ಬಿಚ್ಚಿ ಒಂದು ನೋಟ್‌ಬುಕ್ ತೆಗೆದು, ಅದರೊಳಗೆ ಏನನ್ನೋ ನೋಡಿ, ಮತ್ತೆ ಚೀಲಕ್ಕೆ ಹಾಕಿಕೊಂಡು ಕೂತರು. ಹಾಡಿನ ಪುಸ್ತಕ ಇರಬೇಕು ಅಂದುಕೊಂಡೆ.

ಅರ್ಧ ಗಂಟೆ. ನನ್ನ ಕೈಯಲ್ಲಿನ ಚಹಾ ತಣ್ಣಗಾಗಿ ಕೆನೆಗಟ್ಟಿತು. ಎಷ್ಟೋ ಸಲ ನೆನೆಸಿಕೊಂಡಿದ್ದೇನೆ: ಬೆಂಚಿಗೂ ನನಗೂ ಇಪ್ಪತ್ತು ಹೆಜ್ಜೆ ಇರಲಿಲ್ಲ.

ಸ್ಟೇಷನ್ನಿನ ಹೊರಗೆ ಟಾಂಗಾ ಸ್ಟ್ಯಾಂಡಿನವರೆಗೂ ಹುಡುಕಿ, ಕೊನೆಗೆ ಸಾಹುಕಾರರು "ಆಕಿ ಬರಲೇ ಇಲ್ಲಲ್ಲೋ! ಮಾನ ಹೋತು ನಂದು" ಎಂದು ದೊಡ್ಡ ದನಿಯಲ್ಲಿ ಬೈಯುತ್ತಾ ವಾಪಸು ಬಂದರು. ಆಗ ಗಾಯಕಿಯೇ ಎದ್ದು ಬಂದು ಸಾಹುಕಾರರ ಎದುರು ನಿಂತರು.

"ಆ ಪೋಸ್ಟರಿನ ಹುಡುಗಿನ್ನ ಹುಡುಕಾಕತ್ತೀರೇನ್ರಿ? ಆಕಿ ಬರಂಗಿಲ್ರಿ. ಹಾಡಾಕಿ ನಾನು, ಬಂದೀನಿ."

ಸಾಹುಕಾರರ ಮುಖ ನೋಡಬೇಕಿತ್ತು. ಹಾರ ಹಾಕಬೇಕೋ ಕಾಲಿಗೆ ಬೀಳಬೇಕೋ ತಿಳಿಯದೆ ಎರಡನ್ನೂ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಲೇ, ಬಾರಲೇ ಇಲ್ಲಿ!" ಎಂದು ಚೀರಿದರು. "ಫೋಟೋ ಬಂದಿಲ್ಲಂತ ಯಾರದೋ ಮಾರಿ ಬರದಾನ ನೋಡ್ರಿ ಅಮ್ಮಾರ ಇಂವ. ಎಂಥಾ ಅವಮಾನ ಮಾಡಿದ್ಯಲೇ ನಮಗ!"

ಗಾಯಕಿ ನನ್ನನ್ನು ನೋಡಿದರು. ಕಣ್ಣುಗಳು ಕನ್ನಡಕದ ಹಿಂದೆ ದೊಡ್ಡದಾಗಿ ಕಾಣುತ್ತಿದ್ದವು.

"ಬರದಾಂವ ನೀನೇನು ತಮ್ಮಾ?"

"ಹೌದ್ರಿ ಅಮ್ಮಾ."

"ಟಪಾಲು ನೋಡ್ರಿ, ಎಲ್ಲೆಲ್ಲೋ ಹೋಗಿಬಿಡ್ತಾವು," ಎಂದು ಸಾಹುಕಾರರಿಗೆ ಹೇಳಿದರು. "ಪಾಪ, ಇವನರೇ ಏನು ಮಾಡ್ಯಾನು? ಬೈಬ್ಯಾಡ್ರಿ."

ನನ್ನ ಎದೆಯಿಂದ ಒಂದು ಕಲ್ಲು ಇಳಿಯಿತು. ಹೌದು, ಮೊದಲು ನನಗನ್ನಿಸಿದ್ದು ಬಚಾವಾದೆ ಎಂದೇ.

ಸಂಜೆ ಕಂಪ್ಲಿಯ ಕಣದಲ್ಲಿ ಜನ ಕಿಕ್ಕಿರಿದಿದ್ದರು. ಪೋಸ್ಟರು ಅಷ್ಟು ಕೆಲಸ ಮಾಡಿತ್ತು. ಮುಂದಿನ ಸಾಲುಗಳಲ್ಲಿ ಹರೆಯದ ಹುಡುಗರು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಕೂತಿದ್ದರು. ನನ್ನ ಹೆಂಡತಿಯೂ ಬಂದು ಹೆಂಗಸರ ನಡುವೆ ಕೂತಿದ್ದಳು. ಗಾಯಕಿ ವೇದಿಕೆ ಹತ್ತಿದಾಗ ಗುಸುಗುಸು ಎದ್ದಿತು. "ಯಾರಲೇ ಈ ಮುದುಕಿ?" ಎಂದು ಒಬ್ಬ ಜೋರಾಗಿಯೇ ಅಂದ. ಹಿಂದೆ ಯಾರೋ ಸಿಳ್ಳೆ ಹಾಕಿದರು. ಸಾಹುಕಾರರು ಎದ್ದು ಗದರಿಸಲು ಹೋದರು. ಗಾಯಕಿ ಕೈಸನ್ನೆ ಮಾಡಿ ಅವರನ್ನು ಕೂರಿಸಿ ಮೈಕು ಹತ್ತಿರ ಎಳೆದುಕೊಂಡರು.

"ಪೋಸ್ಟರಿನಾಗಿನ ಹುಡುಗಿನ್ನ ನೋಡಾಕ ಬಂದೀರಿ, ಹೌದಿಲ್ರಿ? ಆಕಿ ನನಗೂ ಸಿಕ್ಕಿಲ್ಲ. ಪ್ಲೇಟು ಮಾಡಿದಾಗಿಂದ ನಾನೂ ಹುಡುಕಾಕತ್ತೀನಿ!"

ಕಣವೆಲ್ಲ ನಕ್ಕಿತು. ನಾಟಕದವರಲ್ಲವೇ, ಜನರನ್ನು ಹೇಗೆ ಹಿಡಿಯಬೇಕೆಂದು ಗೊತ್ತಿತ್ತು.

"ಒಂದು ಕೆಲಸ ಮಾಡ್ರಿ. ನನ್ನ ನೋಡಬ್ಯಾಡ್ರಿ. ಕಣ್ಣ ಮುಚ್ಚಿ ಕುಂದ್ರಿ. ಆಕಿ ಬಂದ ಬರ್ತಾಳ."

ಜನ ನಗುತ್ತಲೇ ಕಣ್ಣು ಮುಚ್ಚಿದರು. ಅವರು ಹಾಡಿದರು. ಸಂಡೂರಿನ ಹೋಟೆಲ್ಲಿನಲ್ಲಿ ನಾನು ಕೇಳುತ್ತಿದ್ದ ಅದೇ ಹಾಡು. ಮೇಲಿನ ಸ್ವರದಲ್ಲಿ ದನಿ ಅದೇ ಜಾಗದಲ್ಲಿ ಒಡೆಯಿತು. ಈಗ ವಯಸ್ಸಾಗಿ ಇನ್ನೂ ಅಗಲವಾಗಿ ಒಡೆಯಿತು, ಮತ್ತೆ ಅಲ್ಲಿಂದಲೇ ಎದ್ದು ನಿಂತಿತು. ನಗು ಯಾವಾಗಲೋ ನಿಂತುಹೋಗಿತ್ತು. ಸಿಳ್ಳೆ ಹಾಕಿದ ಹುಡುಗರೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಎಂಥ ಹಾಡು, ಏನು ತಲ್ಲೀನತೆ ಎಂದು ಮರುದಿನ ಎಲ್ಲರೂ ಹೇಳಿದರು. ನಾನು ಮಾತ್ರ ಕಣ್ಣು ಮುಚ್ಚಲಾರದೆ ಕೂತಿದ್ದೆ. ತನ್ನ ಮುಖ ಒಂದು ಸಲ ಊರ ಗೋಡೆಯ ಮೇಲಿರಲಿ ಎಂದು ಕೇಳಿಕೊಂಡ ಹೆಂಗಸು, ನನ್ನನ್ನು ನೋಡಬೇಡಿ ಎಂದು ತಾನೇ ಊರಿಗೆ ಹೇಳಿ ಹಾಡುವ ಹಾಗೆ ಮಾಡಿದ್ದು ನಾನು. ಜನರ ಮುಚ್ಚಿದ ಕಣ್ಣುಗಳ ಮೇಲೆ ಗಾಯಕಿಯ ನೋಟ ಹರಿದಾಡುತ್ತಿತ್ತು. ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿಯೂ ಕಣ್ಣು ತೆರೆದೇ ಕೂತಿದ್ದಳು, ಅವರ ಮುಖವನ್ನೇ ನೋಡುತ್ತಾ. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಮಿಲ್ಲಿನ ಜೀಪಿನಲ್ಲಿ ಗಾಯಕಿಯನ್ನು ಸ್ಟೇಷನ್ನಿಗೆ ಮುಟ್ಟಿಸಿ ಬರಲು ಸಾಹುಕಾರರು ನನಗೇ ಹೇಳಿದರು. ರಾತ್ರಿ ಹೊಸಪೇಟೆಯ ಮನೆಗೆ ಬಂದು, ಬೆಳಿಗ್ಗೆ ಕಂಪ್ಲಿಗೆ ಹೊರಡುವ ಮುಂಚೆ ಬಣ್ಣದ ಡಬ್ಬಿಗಳ ಹಿಂದಿನಿಂದ ಫೋಟೋ ತೆಗೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಕೊಟ್ಟುಬಿಡಬೇಕು, ಕಾಲು ಹಿಡಿದು ತಪ್ಪಾಯಿತು ಅನ್ನಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡೆ. ಸ್ಟೇಷನ್ನಿನಲ್ಲಿ ಅದೇ ಬೆಂಚಿನ ಮೇಲೆ ಕೂತೆವು. ಮೇಲೆ ಅದೇ ಪೋಸ್ಟರು. ಹತ್ತಿರ ಯಾರೂ ಇರಲಿಲ್ಲ.

ಅವರೇ ಕೇಳಿದರು, ತೀರ ಮೆಲ್ಲಗೆ: "ತಮ್ಮಾ, ನನ್ನ ಫೋಟೋ ನಿನಗ ಮುಟ್ಟಲೇ ಇಲ್ಲೇನು?"

ಕೈ ಜೇಬಿನ ಹತ್ತಿರ ಹೋಯಿತು. ಫೋಟೋದ ಮೂಲೆ ಬೆರಳಿಗೆ ತಾಗಿತು. ಇಷ್ಟು ಸುಲಭ ಮಾಡಿಕೊಟ್ಟಿದ್ದರು. ಹೌದು ಎಂಬ ಒಂದು ಮಾತು ಸಾಕಿತ್ತು.

"ಇಲ್ಲಮ್ಮಾ, ಮುಟ್ಟಲಿಲ್ಲ," ಅಂದೆ.

"ಆತು ಬಿಡು."

ರೈಲು ಬಂತು. ಟ್ರಂಕು ಹತ್ತಿಸಿ ಕೊಟ್ಟೆ. ಅವರು ಕಿಟಕಿಯ ಪಕ್ಕ ಕೂತು ಬಟ್ಟೆಚೀಲದಿಂದ ನೋಟ್‌ಬುಕ್ ತೆಗೆದರು. ಅದರ ನಡುವೆ ಗುರುತಿಗೆ ಇಟ್ಟಿದ್ದ ಒಂದು ಕಾರ್ಡನ್ನು ಎಳೆದು ಕಿಟಕಿಯ ಸರಳಿನ ಸಂದಿಯಿಂದ ನನ್ನ ಕೈಗೆ ಕೊಟ್ಟರು.

"ಹಾಡಿನ ಗುರುತಿಗೆ ಇಟ್ಕೊಂಡಿದ್ದೆ. ಇನ್ನ ಬ್ಯಾಡ, ನಿಂದು ನಿನ್ನ ಹತ್ರಾನೇ ಇರ್ಲಿ. ಸಹಿ ಮಾತ್ರ ಭಾಳ ಚಂದ ಮಾಡ್ತಿ ತಮ್ಮಾ."

ರಿಜಿಸ್ಟರ್ಡ್ ಟಪಾಲಿನ ರಸೀದಿ ಕಾರ್ಡು. ಮುಟ್ಟಿದ್ದಕ್ಕೆ ಗುರುತಾಗಿ, ಉದ್ದನೆಯ ಬಾಲದ ನನ್ನ ಗಿಳಿ. ತಲೆ ಎತ್ತುವಷ್ಟರಲ್ಲಿ ರೈಲು ಚಲಿಸಿತ್ತು. ಅವರು ಆಚೆ ಕಡೆ ಮುಖ ಮಾಡಿ ಕೂತಿದ್ದರು.

ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸ್ಟೇಷನ್ನಿನ ಗೋಡೆಯ ಪೋಸ್ಟರನ್ನು ಉಗುರಿನಿಂದ ಕಿತ್ತೆ. ಚೆನ್ನಾಗಿ ಅಂಟಿಸಿದ್ದೆನಲ್ಲ, ಹಾಳಾದ್ದು ಪೂರ್ತಿ ಬರಲಿಲ್ಲ. ಹುಡುಗಿಯ ಅರ್ಧ ಮುಖ, ಮಲ್ಲಿಗೆ ದಂಡೆ ಗೋಡೆಗೇ ಉಳಿದವು. ಮುಂದೆ ಎಷ್ಟೋ ತಿಂಗಳು, ರೈಲಿಗೆ ಹೋದಾಗಲೆಲ್ಲ ನೋಡುತ್ತಿದ್ದೆ.

ಮನೆಗೆ ಬಂದು ಹೆಂಡತಿಯ ಮುಂದೆ ಕಾರ್ಡು ಇಟ್ಟೆ. ಅವಳು ನೋಡಿದಳು. ಬೈಯಲಿಲ್ಲ. "ಫೋಟೋ ಕಳಿಸ್ರಿ. ಒಂದು ಮಾತು ಬರದು ಕಳಿಸ್ರಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಬರೆಯಲು ಕೂತೆ. ಪೂಜ್ಯ ಅಮ್ಮನವರಿಗೆ ಎಂದು ಬರೆದು ಹರಿದೆ. ತಪ್ಪಾಯಿತು ಎಂದು ಬರೆದೆ. ಯಾವುದು ತಪ್ಪಾಯಿತು ಎಂದು ಬರೆಯಲು ಹೋದರೆ ಒಂದಕ್ಕೊಂದು ಜೋಡಿಕೊಂಡು ಬಂದವು: ಅವರ ಮುಖ ಬರೆದು ಒಲೆಗೆ ಹಾಕಿದ್ದು, ಸುಳ್ಳು ಹೇಳಿದ್ದು, ಚಹಾದ ಗಾಡಿಯ ಹಿಂದೆ ನಿಂತದ್ದು, ಜೇಬಿನಲ್ಲಿ ಇಟ್ಟುಕೊಂಡೂ ಇಲ್ಲವೆಂದದ್ದು. ಅದನ್ನೂ ಹರಿದೆ. ಎಂಟು ದಿನ ಹೀಗೇ ಕಳೆದು, ಕೊನೆಗೆ ಫೋಟೋವನ್ನು ಎರಡು ರಟ್ಟಿನ ನಡುವೆ ಇಟ್ಟು, ಒಂದು ಅಕ್ಷರವನ್ನೂ ಬರೆಯದೆ, ರಿಜಿಸ್ಟರ್ಡ್ ಮಾಡಿ ಕಳಿಸಿದೆ. ರಸೀದಿ ಕಾರ್ಡು ಮಾತ್ರ ಮರೆಯದೆ ಲಗತ್ತಿಸಿದೆ.

ಆಮೇಲೆ ದಿನಾ ಪೋಸ್ಟ್‌ಮನ್ ದಾರಿ ಕಾದೆ. ಬೈದು ಒಂದು ಪತ್ರ ಬರೆದಾರು ಎಂದು ಆಸೆಪಟ್ಟೆ. ಹನ್ನೆರಡನೆಯ ದಿನವೋ ಏನೋ, ಕಾರ್ಡು ತಿರುಗಿ ಬಂತು. ಮಕ್ಕಳ ಪಾಟಿಯ ಮೇಲಿನಂಥ ದೊಡ್ಡ ಅಕ್ಷರದಲ್ಲಿ ಅವರ ಸಹಿ. ಹಿಂದೆ ಮುಂದೆ ತಿರುಗಿಸಿ ನೋಡಿದೆ.

ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು: "ಏನು ಬರದಾರ್ರಿ?"

"ಏನೂ ಇಲ್ಲ," ಅಂದೆ. "ಸಹಿ ಅಷ್ಟೇ."